ಕಾಫಿ ಕೊಡ್ತಿದ್ದೋರು ಯಾರು?

ಶುಕ್ರವಾರ ರಾತ್ರಿ ಹನ್ನೊಂದು ಗಂಟೆ. ಬೆಳಗಾಗುವಷ್ಟರಲ್ಲಿ ನಮ್ಮ ಸಂಘದ ಸುದ್ದಿಪತ್ರ ಹೋಗಬೇಕು. ಯುಗಾದಿ ಬಗ್ಗೆ ಬರೆಯೋಣ ಅಂತಿದ್ದೆ. ಆದರೆ ಸಂಜೆ ಮಗಳು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಶಾಲೆಯಲ್ಲಿ ಬರೆಯಲು ಅವಳಿಗೆ ಸಿಕ್ಕಿದ್ದು ಅಮೆರಿಕದ 15ನೇ ಅಧ್ಯಕ್ಷ ಜೇಮ್ಸ್ ಬುಕಾನನ್. ಮದುವೆಯೇ ಆಗದವರು. "ಹಾಗಾದ್ರೆ ಮನೆಗೆ ಬಂದವರಿಗೆ ಕಾಫಿ ಕೊಡ್ತಿದ್ದೋರು ಯಾರಮ್ಮಾ?"

ಇಬ್ಬರೂ ಕೂತು ಓದಿದೆವು. ತಂಗಿಯ ಮಗಳು ಹ್ಯಾರಿಯೆಟ್ ಲೇನ್. ತಬ್ಬಲಿಯಾದ ಹುಡುಗಿಯನ್ನು ಸೋದರಮಾವನೇ ಸಾಕಿದ್ದರು. 1857ರಲ್ಲಿ ವೈಟ್ ಹೌಸ್‌ಗೆ ಬಂದಾಗ ಆಕೆಗೆ 26 ವರ್ಷ. ದೇಶ ಒಡೆಯುತ್ತಿದ್ದ ಕಾಲ. ಉತ್ತರದವರೂ ದಕ್ಷಿಣದವರೂ ಊಟದ ಮೇಜಿನಲ್ಲಿ ಕಿತ್ತಾಡದ ಹಾಗೆ, ಯಾರ ಪಕ್ಕ ಯಾರು ಅಂತ ಯೋಚಿಸಿ ಕೂರಿಸುತ್ತಿದ್ದರಂತೆ. ಹೆಂಡತಿ ತೀರಿಕೊಂಡಿದ್ದ ಇನ್ನೊಬ್ಬ ಅಧ್ಯಕ್ಷ ಚೆಸ್ಟರ್ ಆರ್ಥರ್‌ಗೆ ತಂಗಿ ಮೇರಿ ಇದ್ದರು. ನಮ್ಮ ನೆಹರೂಗೆ ಮಗಳು ಇಂದಿರಾ. ಹೆಂಡತಿ ಕಮಲಾ 1936ರಲ್ಲೇ ಹೋಗಿದ್ದರಲ್ಲ, ಪ್ರಧಾನಿಯ ತೀನ್ ಮೂರ್ತಿ ಮನೆಗೆ ಬಂದವರನ್ನೆಲ್ಲ ಮಗಳೇ ನೋಡಿಕೊಂಡರು.

ನನಗೆ ನೆನಪಾಗಿದ್ದು ನಮ್ಮತ್ತೆ. ತಾತ ಮಂಡಲ ಪಂಚಾಯಿತಿ ಪ್ರಧಾನರು. ಅಜ್ಜಿ ಇರಲಿಲ್ಲ. ಬೆಳಗಿನಿಂದ ಜಗಲಿ ತುಂಬ ಜನ. ಅತ್ತೆ ಹೊರಗೆ ಬಂದು ಕೇಳುತ್ತಿರಲಿಲ್ಲ. ಕಿಟಕಿಯಿಂದ ಇಣುಕಿ, ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ಎಣಿಸಿ ಕಾಫಿಗೆ ನೀರಿಡುತ್ತಿದ್ದರು. ಚಪ್ಪಲಿಗೆ ಕೆಸರು ಜಾಸ್ತಿ ಇದ್ದರೆ ದೂರದಿಂದ ನಡೆದು ಬಂದವರು ಅಂತ ಲೆಕ್ಕ. ಅವರಿಗೆ ಮೊದಲು ಮಜ್ಜಿಗೆ, ಆಮೇಲೆ ಊಟ. ಒಮ್ಮೆ ಬೇಲಿ ಜಗಳದ ಅಣ್ಣತಮ್ಮಂದಿರು ಒಟ್ಟಿಗೇ ಬಂದುಬಿಟ್ಟರು. ಅಣ್ಣನಿಗೆ ಜಗಲಿಯಲ್ಲಿ ಕಾಫಿ, ತಮ್ಮನಿಗೆ ಹಿತ್ತಿಲಲ್ಲಿ. ಕೋಪ ಇಳಿದ ಮೇಲೆ ಇಬ್ಬರನ್ನೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂರಿಸಿ ಮುದ್ದೆ ಬಡಿಸಿದರು. ನ್ಯಾಯ ಮಾಡಿದ್ದು ತಾತ ಅಂತಲೇ ಊರಲ್ಲಿ ಮಾತು. ತಾತನ ಫೋಟೋ ಈಗಲೂ ಪಡಸಾಲೆಯಲ್ಲಿದೆ. ಅತ್ತೆಯದು ಒಂದೇ ಒಂದು ಫೋಟೋ ನನ್ನ ಹತ್ತಿರವಿಲ್ಲ. ಮಗಳಿಗೆ ತೋರಿಸೋಣ ಅಂತ ಇಡೀ ಸಂಜೆ ಹುಡುಕಿದೆ.

ಈಗ ಸೂಚನೆಗಳು. ಯುಗಾದಿ ಕಾರ್ಯಕ್ರಮ ಮುಂದಿನ ಶನಿವಾರ ಬೆಳಿಗ್ಗೆ 10:30ಕ್ಕೆ, ಎಂದಿನ ಸಭಾಂಗಣದಲ್ಲಿ. ಛದ್ಮವೇಷಕ್ಕೆ ಹೆಸರು ಕೊಡಲು ಬುಧವಾರ ಕೊನೆ. ಕಾರ್ಯಕ್ರಮದ ಮರುದಿನ ಭಾನುವಾರ ಕನ್ನಡ ತರಗತಿ ಇಲ್ಲ. ಸದಸ್ಯತ್ವದ ಹಣ ಬಾಕಿ ಇದ್ದವರು ದಯವಿಟ್ಟು ಕಟ್ಟಿ.

ಇನ್ನೊಂದು ಮಾತು. 12 ವರ್ಷ ನಮ್ಮ ಸಂಘದ ಅಡುಗೆಮನೆ ನೋಡಿಕೊಂಡ ಅಕ್ಕ ಮುಂದಿನ ತಿಂಗಳು ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಒಬ್ಬರಿಂದ ಆಗದಿದ್ದರೆ ನಾಲ್ಕು ಜನ ಸೇರಿ ಬನ್ನಿ. ಗಂಡಸರೂ ಬನ್ನಿ. ಈ ಯುಗಾದಿಗೆ ಅಕ್ಕ ಎಲೆ ಮುಂದೆ ಕೂತು ಊಟ ಮಾಡಬೇಕು, ನಾವು ಬಡಿಸಬೇಕು. ಶನಿವಾರ 9 ಗಂಟೆಗೇ ಬಂದುಬಿಡಿ. ಮನೆಯಲ್ಲಿ ದೊಡ್ಡ ಸೌಟು ಇದ್ದರೆ ತನ್ನಿ.