ಪುಣೆಯಲ್ಲಿರುವ ಮಗಳಿಗೊಂದು ಪತ್ರ: ವಚನದ ಮೇಲೆ ಪ್ರಾರ್ಥನೆ ಮಾಡುವ ಬಗೆ

ಡೊಂಬಿವಲಿ

ಪ್ರೀತಿಯ ಮಗಳೇ,

ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕಿದ ವಾಗ್ದಾನದ ಕಾರ್ಡನ್ನು ವಾಕಡ್‌ನ ರೂಮಿನಲ್ಲಿ ಅಂಟಿಸಿಕೊಂಡಿದ್ದೀಯಂತೆ. ಸತ್ಯವೇದದ (ಬೈಬಲ್ಲಿನ) ಯೆರೆಮೀಯ 29:11. ನಿಮ್ಮ ವಿಷಯವಾಗಿ ನಾನು ಮಾಡುವ ಯೋಚನೆ ಒಳ್ಳೆಯದಕ್ಕೇ, ಕೇಡಿಗಲ್ಲ, ನಿಮಗೊಂದು ಮುಂದಿನ ಕಾಲವೂ ನಿರೀಕ್ಷೆಯೂ ಇದೆ ಎಂದು ಕರ್ತನು ಹೇಳುವ ಮಾತು. ದಿನಾ ಓದುತ್ತೇನೆ, ಆದರೆ ಅದರ ಮೇಲೆ ಪ್ರಾರ್ಥನೆಗೆ ಕೂತರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ಏನು ಮಾಡಲಿ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅಂತ ಬರೆಯಲು ಕೂತೆ.

ಬೇಗ ಮುಗಿದುಹೋಗುತ್ತದೆ ಅಂತ ನಿನ್ನ ಭಕ್ತಿಯನ್ನು ಹಳಿದುಕೊಳ್ಳಬೇಡ. ಆ ವಚನದ ಹಿಂದೆ ಮುಂದೆ ಇರುವುದನ್ನು ಕಾರ್ಡಿನಲ್ಲಿ ಕತ್ತರಿಸಿಬಿಟ್ಟಿದ್ದಾರೆ, ಮೆಲುಕು ಹಾಕಲು ನಿನ್ನ ಕೈಯಲ್ಲಿ ಏನೂ ಉಳಿದಿಲ್ಲ. ಸತ್ಯವೇದವನ್ನು ಬರೆದವರು ಯಾರೂ ಅಧ್ಯಾಯ, ವಚನ ಅಂತ ಅಂಕಿ ಹಾಕಿ ಬರೆಯಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಇವತ್ತು ನಾವು ಬಳಸುವ ವಚನಗಳ ಅಂಕಿ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಅದರಷ್ಟು ಅನುಕೂಲ ಇನ್ನೊಂದಿಲ್ಲ, ಆದರೆ ಅಂಕಿ ಬಿದ್ದ ಮೇಲೆ ಒಂದೊಂದು ವಚನವನ್ನೂ ಬಿಡಿಯಾಗಿ ಕಿತ್ತುಕೊಳ್ಳುವ ಚಾಳಿಯೂ ಬೆಳೆಯಿತು. ಹಾಗೆ ಕಿತ್ತ ವಚನ ಎಷ್ಟು ಅಪಾಯ ಅನ್ನುವುದು ಮತ್ತಾಯ 4ರಲ್ಲಿದೆ. ದೇವಾಲಯದ ಶಿಖರದಲ್ಲಿ ಯೇಸುವನ್ನು ನಿಲ್ಲಿಸಿ ಸೈತಾನನು ಹೇಳಿದ್ದು ಸುಳ್ಳು ವಚನವನ್ನಲ್ಲ, 91ನೆಯ ಕೀರ್ತನೆಯದೇ ಮಾತನ್ನು. ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ಧುಮುಕು ಅಂದ. ಯೇಸು ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದ ಇನ್ನೊಂದು ವಚನದಿಂದ: ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು. ಒಂದು ವಾಗ್ದಾನವನ್ನು ಇಡೀ ವಾಕ್ಯದ ಜೊತೆ ಇಟ್ಟು ಓದುವುದನ್ನು ನಾವು ಅವನಿಂದಲೇ ಕಲಿಯಬೇಕು.

ಈಗ 29ನೆಯ ಅಧ್ಯಾಯವನ್ನು ಮೊದಲ ವಚನದಿಂದ ತೆಗೆ. ಒಟ್ಟು 32 ವಚನ. ಬಾಯಿಬಿಟ್ಟು, ಕನ್ನಡದಲ್ಲಿ, ಅವಸರವಿಲ್ಲದೆ ಓದು. ಕಣ್ಣಲ್ಲೇ ಓದಿದರೆ ಗೊತ್ತಿರುವ ವಚನ ಬಂದ ಕೂಡಲೇ ಮನಸ್ಸು ಅಲ್ಲಿಗೆ ಹಾರುತ್ತದೆ, ನಡುವಿನದೆಲ್ಲ ತಪ್ಪಿಹೋಗುತ್ತದೆ.

ಓದುತ್ತಿದ್ದ ಹಾಗೆ ಗೊತ್ತಾಗುತ್ತದೆ, ಇದೊಂದು ಕಾಗದ. ಬರೆದವನು ಪ್ರವಾದಿ ಯೆರೆಮೀಯ, ಯೆರೂಸಲೇಮಿನಲ್ಲಿ. ಓದುವವರು ಬಾಬೆಲಿನಲ್ಲಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆಹೂದದ ರಾಜ ಯೆಕೊನ್ಯನನ್ನೂ ಕಮ್ಮಾರ ಬಡಗಿಗಳನ್ನೂ ಸೆರೆ ಒಯ್ದ ಮೇಲೆ ಅವರಿಗೆ ಬರೆದದ್ದು. ಹಿಂದಿನ ಅಧ್ಯಾಯವನ್ನು ಓದದೆ ಇದು ಅರ್ಥವಾಗುವುದಿಲ್ಲ. 28ರಲ್ಲಿ ಹನನ್ಯ ಎಂಬ ಪ್ರವಾದಿ ಬಾಬೆಲಿಗೆ ತಲೆಬಾಗಬೇಕು ಅನ್ನುವುದರ ಗುರುತಾಗಿ ಯೆರೆಮೀಯ ಹೊತ್ತಿದ್ದ ನೊಗವನ್ನು ಎಲ್ಲರ ಮುಂದೆ ಮುರಿದು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಅಂದಿದ್ದ. ಎರಡು ವರ್ಷ ಅಂದರೆ ಯಾರಿಗೆ ಬೇಡ? ಯೆರೆಮೀಯನ ಕಾಗದ ಹೇಳುವುದು 70 ವರ್ಷ. ಅದು 10ನೆಯ ವಚನದಲ್ಲಿದೆ, ನಿನ್ನ ಕಾರ್ಡಿನ ವಚನಕ್ಕೆ ತಾಗಿಕೊಂಡೇ. ಆ ಕಾಗದ ಕೈಗೆ ಬಂದಾಗ ನಡುವಯಸ್ಸಿನಲ್ಲಿದ್ದವರು ಬಾಬೆಲಿನಲ್ಲೇ ಮಣ್ಣಾದರು. ನಿರೀಕ್ಷೆಯ ಮಾತು ಬಂದದ್ದು ಅಂಥವರಿಗೆ.

ಅವರಿಗೆ ಅದು ಹಿಡಿಸಲೂ ಇಲ್ಲ. 24ನೆಯ ವಚನದಿಂದ ನೋಡು. ಬಾಬೆಲಿನಲ್ಲಿದ್ದ ಶೆಮಾಯ ಎಂಬವನು ಯೆರೂಸಲೇಮಿನ ಯಾಜಕ ಚೆಫನ್ಯನಿಗೆ ದೂರಿನ ಕಾಗದ ಬರೆಯುತ್ತಾನೆ: ಈ ಯೆರೆಮೀಯನಿಗೆ ಯಾಕೆ ಕೋಳ ಹಾಕಿಲ್ಲ, ಬಹಳ ಕಾಲ ಆಗುತ್ತದೆ, ಮನೆ ಕಟ್ಟಿಕೊಳ್ಳಿ ಅಂತ ನಮಗೆ ಹೇಳಿ ಕಳುಹಿಸಿದ್ದಾನಲ್ಲ, ಅಂತ. ನಾವು ಇವತ್ತು ಹೂವಿನ ಚಿತ್ರದ ಮೇಲೆ ಅಚ್ಚು ಹಾಕಿಸುವ ಮಾತನ್ನು ಮೊದಲು ಕೇಳಿದವರಲ್ಲಿ ಒಬ್ಬನಿಗೆ ಬಂದದ್ದು ಸಿಟ್ಟು. ನಿನಗೂ ಒಂದೊಂದು ದಿನ ದೇವರ ಮಾತು ಕಹಿಯಾದರೆ ಹೆದರಬೇಡ. ಸರಿಯಾಗಿ ಓದುತ್ತಿದ್ದೀಯ ಅಂತಲೇ ಲೆಕ್ಕ.

ಈ ಕಾಗದದಲ್ಲಿ ದೇವರು ಏನು ಮಾಡಲು ಹೇಳುತ್ತಾನೆ ಅನ್ನುವುದು 5ರಿಂದ 7ರ ವರೆಗೆ. ಮನೆ ಕಟ್ಟಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ. ಆಮೇಲೆ, ನಾನು ನಿಮ್ಮನ್ನು ಸೆರೆಗೆ ಕಳುಹಿಸಿದ ಪಟ್ಟಣದ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ನನ್ನ ಮನಸ್ಸಿಗೆ 11ಕ್ಕಿಂತ ಈ 7ನೆಯ ವಚನವೇ ದೊಡ್ಡದು. ಶತ್ರುವಿನ ಊರಿಗಾಗಿ ಪ್ರಾರ್ಥನೆ ಮಾಡಿ ಅಂತ ಹೇಳಿಸಿಕೊಂಡವರಿಗೆ ಕೊಟ್ಟ ವಾಗ್ದಾನ ಅದು. 7ನ್ನು ಬಿಟ್ಟು 11ನ್ನು ಮಾತ್ರ ಕೇಳಿಕೊಂಡರೆ ಎರಡು ನಿಮಿಷಕ್ಕೇ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ನೀನೊಬ್ಬಳೇ ಇರುತ್ತೀ.

ಬಾಬೆಲಿನವರಿಗೆ ಬರೆದದ್ದು ನಮಗೆ ಹೇಗೆ ಸಲ್ಲುತ್ತದೆ ಅಂತ ನೀನು ಕೇಳಿಯೇ ಕೇಳುತ್ತೀ. ಪೇತ್ರನ ಮೊದಲನೆಯ ಪತ್ರ ನೋಡು. ಕ್ರಿಸ್ತನ ಸಭೆಯವರನ್ನು ಅವನು ಮೊದಲ ವಚನದಲ್ಲೇ ಚದರಿಹೋದ ಪರದೇಶದವರು ಅಂತ ಕರೆದು, ಕೊನೆಗೆ ಬಾಬೆಲಿನಲ್ಲಿರುವ ಸಭೆಯ ವಂದನೆ ತಿಳಿಸುತ್ತಾನೆ. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಹೌದಾದವು ಅಂತ ಪೌಲನೂ ಕೊರಿಂಥದವರಿಗೆ ಬರೆದ. ಆ ದಾರಿಯಿಂದ ಬಂದರೆ ಈ ವಚನ ನಿನ್ನದೂ ಹೌದು. ಈ ವರ್ಷ ಪ್ರಮೋಷನ್ ಖಂಡಿತ ಅನ್ನುವ ಅರ್ಥದಲ್ಲಿ ಅಲ್ಲ.

ಇನ್ನು ಪ್ರಾರ್ಥನೆಯ ಕ್ರಮ. ಸಭೆಯ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರ್‌ಗೆ ಒಂದು ಕಾಗದದ ರೂಪದಲ್ಲಿ ಇದನ್ನು ಬರೆದುಕೊಟ್ಟಿದ್ದ. ಕತ್ತಿ ಹಿಡಿದವನು ಹರಟುತ್ತಾ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗು, ಬಾಯಿ, ಗಂಟಲಿಗೇ ಪೆಟ್ಟು, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಅಂದ. ದಶಾಜ್ಞೆಗಳಲ್ಲಿ ಒಂದೊಂದನ್ನೂ ನಾಲ್ಕು ಎಳೆಯ ಹಾರವಾಗಿ ಹೆಣೆಯಲು ಹೇಳಿಕೊಟ್ಟ: ಇದು ನನಗೆ ಏನು ಕಲಿಸುತ್ತದೆ, ಇದಕ್ಕಾಗಿ ಏನು ಸ್ತೋತ್ರ ಮಾಡಲಿ, ಇದರ ಮುಂದೆ ನನ್ನ ಯಾವ ಪಾಪ ಕಾಣುತ್ತದೆ, ಇದರಿಂದ ಏನು ಬೇಡಿಕೊಳ್ಳಲಿ. ವಚನಗಳಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಎಳೆಗೆ ಎರಡು ಸಾಲಿನಂತೆ ಬರೆದುಕೋ, ಬರೆದದ್ದನ್ನೇ ದೇವರ ಮುಂದೆ ಗಟ್ಟಿಯಾಗಿ ಹೇಳು. 7ನೆಯ ವಚನವನ್ನು ಹಿಡಿದು ನಿನಗೊಂದು ಮಾದರಿ:

"ಕರ್ತನೇ, ನನ್ನನ್ನು ಈ ಊರಿಗೆ ತಂದವನು ನೀನು, ಕಂಪನಿಯ ಆಫರ್ ಲೆಟರ್ ಒಂದೇ ಅಲ್ಲ ಅಂತ ಈ ವಚನದಿಂದ ಕಲಿತೆ. ಪವನಾ ಅಣೆಕಟ್ಟಿನಿಂದ ನಲ್ಲಿಗೆ ಬರುವ ನೀರಿಗಾಗಿ, ನನ್ನ ಮುರುಕು ಮರಾಠಿಯನ್ನು ಸಹಿಸಿಕೊಂಡು ಭಾಜಿ ಅಳೆದು ಕೊಡುವ ಮೌಶಿಗಾಗಿ ನಿನಗೆ ಸ್ತೋತ್ರ. ಈ ಊರಿಂದ ಸಂಬಳ ತೆಗೆದುಕೊಂಡು, ಇದರ ಕಸ, ಟ್ರಾಫಿಕ್ ಅಂತ ಗೊಣಗಿದ್ದೇ ಹೆಚ್ಚು, ಬಿಲ್ಡಿಂಗಿನ ವಾಚ್‌ಮನ್ನಿನ ಹೆಸರನ್ನೂ ಕೇಳಲಿಲ್ಲ, ಕ್ಷಮಿಸು. ಬೆಳಗಾಗುವ ಮೊದಲೇ ಕಸದ ಗಾಡಿಯ ಹಿಂದೆ ದುಡಿಯುವ ಹೆಂಗಸರನ್ನು ಇವತ್ತು ಕಾಪಾಡು, ಹಿಂಜೆವಾಡಿಯ ರಸ್ತೆಯಲ್ಲಿ ಬೈಕ್ ಓಡಿಸುವ ಹುಡುಗರು ಸುರಕ್ಷಿತವಾಗಿ ಮನೆ ಸೇರಲಿ. ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ, ಆಮೆನ್."

ಇದರಲ್ಲಿ ಕೆಡುವ ಜಾಗಗಳು ಕೆಲವು ಇವೆ. ಮೊದಲ ಎಳೆ ಉದ್ದವಾಗಿ ದೇವರಿಗೇ ಪ್ರಸಂಗ ಮಾಡಿದ ಹಾಗಾಗುತ್ತದೆ. ಅಲ್ಲಿ ಎರಡು ಸಾಲಿಗೆ ನಿಲ್ಲಿಸು. ಮೂರನೆಯದರಲ್ಲಿ "ನಾವೆಲ್ಲರೂ ಪಾಪಿಗಳು" ಅಂತ ಎಲ್ಲರ ಗುಂಪಿನಲ್ಲಿ ಅಡಗಿಕೊಳ್ಳುವುದು ಸುಲಭ. ನಿನ್ನೆ ಯಾರಿಗೆ ಏನು ಅಂದೆ, ಅದನ್ನೇ ಹೇಳು. ನಾಲ್ಕನೆಯದರಲ್ಲಿ "ಎಲ್ಲರನ್ನೂ ಆಶೀರ್ವದಿಸು" ಅಂದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ, ಮನಸ್ಸು ಜಾರುವುದು ಅಲ್ಲೇ. ಒಬ್ಬಿಬ್ಬರನ್ನು ಹೆಸರು ಹಿಡಿದು ಕೇಳು. ಯಾವುದೋ ಒಂದು ಎಳೆಯಲ್ಲಿ ಮನಸ್ಸು ಕರಗಿ ಮಾತು ತಾನಾಗಿ ಬಂದರೆ ಮಿಕ್ಕ ಎಳೆಗಳನ್ನು ಬಿಟ್ಟುಬಿಡು. ಪವಿತ್ರಾತ್ಮನು ಮಾತಾಡಲು ಶುರುಮಾಡಿದರೆ ನೀನು ಸುಮ್ಮನಿದ್ದು ಕೇಳು ಅಂತ ಲೂಥರ್ ಕೂಡ ಪೀಟರ್‌ಗೆ ಹೇಳಿದ್ದ.

ಸಮಯಕ್ಕೆ 20 ನಿಮಿಷ ಸಾಕು. ಐದು ನಿಮಿಷ ಓದು, ಐದು ನಿಮಿಷ ಬರಹ, ಎಂಟು ನಿಮಿಷ ಪ್ರಾರ್ಥನೆ, ಕೊನೆಯ ಎರಡು ಏನೂ ಮಾತಾಡದೆ. ಮುಗಿಸುವಾಗ ಕರ್ತನ ಪ್ರಾರ್ಥನೆ ಹೇಳು. ಅದರಲ್ಲಿ ಎಲ್ಲ ಕಡೆ "ನಮ್ಮ", "ನಮಗೆ" ಇದೆ, ರೂಮಿನಲ್ಲಿ ಒಬ್ಬಳೇ ಕೂತಿದ್ದರೂ ಸಭೆಯ ಜೊತೆ ನಿಲ್ಲಿಸುತ್ತದೆ. ಫೋನಿನಲ್ಲಿ ಓದುವುದಾದರೆ ಮೊದಲು ಏರ್‌ಪ್ಲೇನ್ ಮೋಡ್‌ಗೆ ಹಾಕು, ಇಲ್ಲದಿದ್ದರೆ ಆಫೀಸಿನ ಮೆಸೇಜು ಬಂದೇ ಬರುತ್ತದೆ. ಹಾಸಿಗೆಯ ಮೇಲೆ ಕೂರಬೇಡ, ನಿದ್ದೆ ಹಿಡಿಯುತ್ತದೆ. ಶಿಫ್ಟ್ ಬದಲಾದ ವಾರ ಬೆಳಗ್ಗೆ ಆಗದಿದ್ದರೆ ಊಟದ ಬಿಡುವಿನಲ್ಲಿ ಮಾಡಿದರೂ ತಪ್ಪಿಲ್ಲ. ತಪ್ಪಿಹೋದ ದಿನದ ಭಾಗವನ್ನು ಮರುದಿನ ಸೇರಿಸಿ ಓದಿ ಸರಿದೂಗಿಸಲು ಹೋಗಬೇಡ, ಸಾಲ ತೀರಿಸುವ ಕೆಲಸವಾಗಿಬಿಡುತ್ತದೆ.

ಬೇಡಿಕೊಂಡದ್ದನ್ನು ಕೈಯಲ್ಲೂ ಹುಡುಕಬೇಕು. "ಕ್ಷೇಮವನ್ನು ಹುಡುಕಿ" ಅನ್ನುವುದು "ಪ್ರಾರ್ಥಿಸಿ" ಅನ್ನುವುದಕ್ಕಿಂತ ಮೊದಲು ಬಂದಿದೆ. ಪುಣೆಯಿಂದ ಸೋಲಾಪುರದ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ್ ಇದೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಅಲ್ಲೇ. ಆಕೆ 1858ರಲ್ಲಿ ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಘಟ್ಟದ ಕಾಡಿನಲ್ಲಿ. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಅದನ್ನು ಪುಣೆಗೆ ತಂದರು. 1896-97ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ ಕರೆತಂದು ಸಾಕಿದರು. ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಮೂಲದಿಂದ ಅನುವಾದಿಸಿದರು. ಅಚ್ಚಿನ ಕೆಲಸವೂ ಆ ಹೆಣ್ಣುಮಕ್ಕಳ ಕೈಯಲ್ಲೇ. ಬಿಡುವಾದ ಒಂದು ಶನಿವಾರ ಹೋಗಿ ನೋಡು.

ಮನಸ್ಸು ತೀರ ಕುಸಿದ ದಿನ ನಾಲ್ಕು ಎಳೆ ಹಿಡಿಸಲಾರದು. ಆಗ 13ನೆಯ ಕೀರ್ತನೆಗೆ ಹೋಗು, ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟು ಕಾಲ" ಅಂತ ಕೀರ್ತನೆಗಾರ ದೇವರನ್ನು ನಾಲ್ಕು ಸಲ ಕೇಳುತ್ತಾನೆ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ. 4ಕ್ಕೂ 5ಕ್ಕೂ ನಡುವೆ ಪರಿಸ್ಥಿತಿ ಬದಲಾಯಿತು ಅಂತ ಎಲ್ಲೂ ಬರೆದಿಲ್ಲ. ನಮ್ಮ ಜನ ದುಃಖದಲ್ಲಿರುವವರನ್ನು ಒಂದೇ ನೆಗೆತಕ್ಕೆ 5ನೆಯ ವಚನಕ್ಕೆ ಎಳೆದುಕೊಂಡು ಹೋಗುತ್ತಾರೆ, ಅದು ಸರಿಯಲ್ಲ. 4ರ ವರೆಗೆ ಮಾತ್ರ ಬಾಯಿಗೆ ಬಂದರೆ ಆ ದಿನ ಅಲ್ಲಿಗೇ ನಿಲ್ಲಿಸು, ಮಿಕ್ಕದ್ದನ್ನು ಭಾನುವಾರ ಸಭೆಯಲ್ಲಿ ಬೇರೆಯವರು ನಿನ್ನ ಪರವಾಗಿ ಹಾಡುತ್ತಾರೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರು ತನ್ನ ಗ್ರಂಥದಲ್ಲಿ ಇರಿಸಿಕೊಂಡಿದ್ದಾನೆ.

ಫಿಲಿಪ್ಪಿ 4:13ರ ಬಗ್ಗೆ ಒಂದೇ ಮಾತು. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನು ಅಂತ ಪರೀಕ್ಷೆ, ಇಂಟರ್‌ವ್ಯೂಗೆಲ್ಲ ಹೇಳಿಕೊಳ್ಳುತ್ತೇವೆ. ಪೌಲ ಬರೆದದ್ದು ಬೇಡಿಯಲ್ಲಿದ್ದಾಗ, ಮತ್ತು ಹಿಂದಿನ ವಚನದಲ್ಲಿ ಹಸಿದಿರುವುದನ್ನೂ ಕೊರತೆಯಲ್ಲಿರುವುದನ್ನೂ ಕಲಿತಿದ್ದೇನೆ ಅಂತಾನೆ. ಇಂಟರ್‌ವ್ಯೂನಲ್ಲಿ ಆಯ್ಕೆಯಾಗದ ದಿನ ಸಂಜೆಯೂ ಆ ವಚನವನ್ನು ಹೇಳು, ಅದರ ಜಾಗ ಅದೇ.

ಮುಂದಿನ ವಾರಕ್ಕೆ ಹೀಗೆ ಮಾಡು: ಸೋಮವಾರ ಯೆರೆಮೀಯ 28, ಮಂಗಳವಾರ 29 ಪೂರ್ತಿ, ಬುಧವಾರದಿಂದ ಶುಕ್ರವಾರದ ವರೆಗೆ 4ರಿಂದ 14ನ್ನೇ ಮತ್ತೆ ಮತ್ತೆ, ದಿನಕ್ಕೊಂದು ವಚನಕ್ಕೆ ನಾಲ್ಕು ಎಳೆ. 12, 13ನ್ನು ಬಿಡಬೇಡ, ಪೂರ್ಣಮನಸ್ಸಿನಿಂದ ಹುಡುಕಿದರೆ ಸಿಗುತ್ತೇನೆ ಅಂತ ದೇವರು ಹೇಳುವುದು ಅಲ್ಲೇ. ಶನಿವಾರ ರಾತ್ರಿ ಫೋನ್ ಮಾಡು, ಬರೆದದ್ದರಲ್ಲಿ ನಿನಗೆ ಇಷ್ಟವಾದ ಒಂದು ಪ್ರಾರ್ಥನೆಯನ್ನು ಓದಿ ಹೇಳು, ನಾನೂ ಪಪ್ಪನೂ ಆಮೆನ್ ಅನ್ನುತ್ತೇವೆ. ವಾಚ್‌ಮನ್ನಿನ ಹೆಸರು ಕೇಳಿ ಇಟ್ಟಿರು, ಇಲ್ಲಿ ನಮ್ಮ ಕುಟುಂಬ ಪ್ರಾರ್ಥನೆಯಲ್ಲೂ ಅವರನ್ನು ಸೇರಿಸಿಕೊಳ್ಳಬೇಕು.

ಕ್ರಿಸ್ತನ ಸಮಾಧಾನ ನಿನ್ನ ಸಂಗಡ ಇರಲಿ.

ನಿನ್ನ ಅಮ್ಮ