ಟೆಸ್ಟ್ ಪೇಜ್ ಬಂದ ಮಾತ್ರಕ್ಕೆ ಬಿಲ್ಲಿಗೆ ಸಹಿ ಬೇಡ

ಮಾನ್ಯ ಸಂಪಾದಕರೇ,

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಶಾಲೆ, ಸಹಕಾರಿ ಸಂಘ, ಪಂಚಾಯತ್ ಕಚೇರಿಗಳಲ್ಲಿ ಪ್ರಿಂಟ್, ಕಾಪಿ, ಸ್ಕ್ಯಾನ್ ಮೂರನ್ನೂ ಮಾಡುವ ಮೆಷಿನ್‌ಗಳು ಈಗ ಸಾಮಾನ್ಯ. ತಂದವರು ಇಂಗ್ಲಿಷಿನ ಒಂದು ಟೆಸ್ಟ್ ಪೇಜ್ ತೆಗೆದು ತೋರಿಸಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ಸ್ಕ್ಯಾನ್ ನಿಲ್ಲುತ್ತದೆ, ಕನ್ನಡದ ಅರ್ಜಿ ಚೌಕಚೌಕವಾಗಿ ಬರುತ್ತದೆ, ಜೂನ್ ಬಂತೆಂದರೆ ಕಾಗದ ಸಿಕ್ಕಿಕೊಳ್ಳುತ್ತದೆ. ಬೈಗುಳ ಮೆಷಿನ್ನಿಗೆ, ತಪ್ಪು ಹೆಚ್ಚಾಗಿ ಅದನ್ನು ಕೂರಿಸಿದ ರೀತಿಯಲ್ಲಿ.

ಮೊದಲು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಮೆಷಿನ್ನನ್ನು ಗುರುತಿಸುವ ಸಂಖ್ಯೆ. ರೂಟರ್ ಕೊಟ್ಟದ್ದನ್ನೇ ಬಿಟ್ಟರೆ ಕರೆಂಟು ಹೋಗಿ ಬಂದಾಗ ಅದು ಬದಲಾಗಬಹುದು. ಕಂಪ್ಯೂಟರ್ ಹಳೆಯ ವಿಳಾಸವನ್ನೇ ಹುಡುಕುತ್ತ ‘ಆಫ್‌ಲೈನ್’ ಎನ್ನುತ್ತದೆ. ರೂಟರ್‌ನಲ್ಲಿ ಪ್ರಿಂಟರಿಗೆಂದೇ ಒಂದು ವಿಳಾಸ ಕಾದಿರಿಸಿ, ವಿಂಡೋಸ್‌ನಲ್ಲಿ ಅದು ತಾನಾಗಿ ಹುಡುಕಿ ಹಾಕುವ ಡಬ್ಲ್ಯೂಎಸ್‌ಡಿ ಪೋರ್ಟ್ ಬಿಟ್ಟು, ಆ ವಿಳಾಸವನ್ನು ಕೊಟ್ಟು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮೂಲಕ ಸೇರಿಸಬೇಕು.

ಹೆಚ್ಚು ತೊಂದರೆ ಸ್ಕ್ಯಾನಿನದು. ಸ್ಕ್ಯಾನ್ ಮಾಡಿದ್ದನ್ನು ಮೆಷಿನ್ ಕಂಪ್ಯೂಟರಿನ ಒಂದು ಫೋಲ್ಡರಿಗೆ ಕಳುಹಿಸಬೇಕು, ಅದಕ್ಕೆ ಆ ಕಂಪ್ಯೂಟರಿನ ಲಾಗಿನ್ ಬೇಕು. ಗುಮಾಸ್ತರ ಸ್ವಂತ ಲಾಗಿನ್ ಮತ್ತು ಪಾಸ್‌ವರ್ಡನ್ನೇ ಮೆಷಿನ್ನಿಗೆ ಕೊಟ್ಟಿರುತ್ತಾರೆ. ಅವರು ಪಾಸ್‌ವರ್ಡ್ ಬದಲಿಸಿದ ದಿನವೇ ಸ್ಕ್ಯಾನ್ ಬಂದ್. ಸ್ಕ್ಯಾನಿಗೆಂದೇ ಅಡ್ಮಿನ್ ಅಧಿಕಾರವಿಲ್ಲದ ಪ್ರತ್ಯೇಕ ಯೂಸರ್ ಮಾಡಿ, ಒಂದೇ ಫೋಲ್ಡರನ್ನು ಆ ಯೂಸರಿಗೆ ಶೇರ್ ಮಾಡಿದರೆ ಸಾಕು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಲಿ. ಹಳೆಯ ಮೆಷಿನ್‌ಗಳಿಗೆ ನೆಟ್‌ವರ್ಕ್‌ನಲ್ಲಿ ಫೈಲ್ ಕಳುಹಿಸುವ ಹಳೆಯ ವಿಧಾನವಾದ ಎಸ್‌ಎಂಬಿ 1 ಮಾತ್ರ ಗೊತ್ತು. 2017ರ ಕೊನೆಗೆ ಬಂದ ಆವೃತ್ತಿಯಿಂದ, ವಿಂಡೋಸ್ 10 ಹೊಸದಾಗಿ ಹಾಕಿದರೆ ಎಸ್‌ಎಂಬಿ 1 ತಾನಾಗಿ ಬರುವುದಿಲ್ಲ. ಕೆಲಸ ಬೇಗ ಮುಗಿಯಲೆಂದು ಕೆಲವರು ಅದನ್ನು ಮತ್ತೆ ಆನ್ ಮಾಡಿಕೊಡುತ್ತಾರೆ. ದಯವಿಟ್ಟು ಬೇಡ. 2017ರ ಮೇಯಲ್ಲಿ ವಯನಾಡಿನ ಪಂಚಾಯತ್ ಕಚೇರಿಯೊಂದರ ಕಂಪ್ಯೂಟರ್‌ಗಳವರೆಗೆ ಬಂದ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದೇ ಬಾಗಿಲಿನಿಂದ. ಮೆಷಿನ್ನಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಸಿ. ಆಗದಿದ್ದರೆ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿ. ಜಿಮೇಲ್ ಮೂಲಕ ಕಳುಹಿಸುವುದಾದರೆ ಮಾಮೂಲಿ ಪಾಸ್‌ವರ್ಡ್ ನಡೆಯದು, ಗೂಗಲ್ ಖಾತೆಯಲ್ಲಿ ಮೆಷಿನ್ನಿಗೆಂದೇ ಪ್ರತ್ಯೇಕವಾಗಿ ಮಾಡಿಕೊಳ್ಳುವ ಆ್ಯಪ್ ಪಾಸ್‌ವರ್ಡ್ ಬೇಕು.

ಇನ್ನು ಕನ್ನಡ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಅರ್ಜಿಯನ್ನು ಮಲಯಾಳದ ಫಾಂಟ್ ಮಾತ್ರ ಇರುವ ಕಂಪ್ಯೂಟರಿನಲ್ಲಿ ತೆರೆದರೆ ‘ಕಾಸರಗೋಡು’ ಇರಬೇಕಾದ ಜಾಗದಲ್ಲಿ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡಿನಲ್ಲೇ ಟೈಪಿಸಿ, ಟೈಪಿಸಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಬೇಕು. ಪರದೆಯ ಮೇಲೆ ಸರಿಯಿದ್ದು ಕಾಗದದಲ್ಲಿ ಮಾತ್ರ ಒತ್ತಕ್ಷರ ಕಳಚಿದ್ದರೆ ದೋಷ ಹೆಚ್ಚಾಗಿ ಡ್ರೈವರಿನದು, ಅಂದರೆ ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶದ್ದು: ಪಿಡಿಎಫ್ ರೀಡರ್‌ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ, ಆಮೇಲೆ ಡ್ರೈವರ್ ಬದಲಿಸಿ ನೋಡಿ. ಈ ನೆಲದಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು. ‘ಕನ್ನಡ ಪ್ರಿಂಟ್ ಆಗುವುದಿಲ್ಲ’ ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ.

ಆಟಿಯ ಮಳೆಗೆ ಕಾಗದ ತೇವ ಹೀರುತ್ತದೆ. ಹಾಳೆಗೆ ಹಾಳೆ ಅಂಟಿ ಎರಡೆರಡು ಒಳಹೋಗುತ್ತವೆ, ಟೋನರನ್ನು ಕಾಗದಕ್ಕೆ ಅಂಟಿಸುವ ಫ್ಯೂಸರಿನ ಬಿಸಿಗೆ ಸುರುಳಿಯಾಗುತ್ತವೆ. 500 ಹಾಳೆಯ ಕಟ್ಟನ್ನು ಪೂರ್ತಿ ಟ್ರೇಗೆ ಸುರಿಯಬೇಡಿ. ಆ ದಿನಕ್ಕೆ ಬೇಕಾದಷ್ಟು ಹಾಕಿ, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ ಕಪಾಟಿನಲ್ಲಿಡಿ. ಸಿಮೆಂಟ್ ನೆಲದ ಮೇಲಂತೂ ಬೇಡ. ಕೆಲವು ಮಾಡೆಲ್‌ಗಳ ಟ್ರೇ ಕೆಳಗೆ ತೇವ ಓಡಿಸುವ ಹೀಟರ್ ಇರುತ್ತದೆ. ಅದನ್ನು ಆನ್ ಮಾಡಿಕೊಡುವಂತೆ ಟೆಕ್ನಿಷಿಯನ್ನಿಗೆ ಹೇಳಬೇಕು.

ಮೇಲಿನ ಫೀಡರಿನಿಂದ ಹಾಕಿದ ಕಾಪಿಯಲ್ಲಿ ಮಾತ್ರ ಉದ್ದಕ್ಕೆ ಕಪ್ಪು ಗೆರೆ ಬಂದರೆ ಟೋನರ್ ಬದಲಿಸಿ ಹಣ ಕಳೆಯಬೇಡಿ. ದೊಡ್ಡ ಗಾಜಿನ ಪಕ್ಕದ ಬೆರಳಗಲದ ಗಾಜಿನ ಪಟ್ಟಿಯಲ್ಲಿ ವೈಟ್ನರಿನದೋ ಅಂಟಿನದೋ ಸಾಸಿವೆಗಿಂತ ಸಣ್ಣ ಚುಕ್ಕೆ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬಾರದು. ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಅದು ತಾಳದು. ತುಲಾ ಮಾಸದ ಗುಡುಗಿಗೆ ಪ್ಲಗ್ಗಿನ ಜತೆ ನೆಟ್‌ವರ್ಕ್ ಕೇಬಲನ್ನೂ ಕಳಚಿ. ಸಿಡಿಲು ಅದರಲ್ಲೂ ಬರುತ್ತದೆ.

ಆದ್ದರಿಂದ ಕಚೇರಿಯ ಹೊಣೆ ಹೊತ್ತವರಲ್ಲಿ ವಿನಂತಿ: ಒತ್ತಕ್ಷರವಿರುವ ಕನ್ನಡದ ಒಂದು ಪುಟ, ಫೋಲ್ಡರಿಗೆ ಬಂದ ಒಂದು ಸ್ಕ್ಯಾನ್, ಮೆಷಿನ್ ಆಫ್ ಮಾಡಿ ಆನ್ ಮಾಡಿದ ಮೇಲೆ ಮತ್ತೊಂದು ಪ್ರಿಂಟ್, ಇಷ್ಟನ್ನು ಕಣ್ಣಾರೆ ನೋಡಿದ ಮೇಲೆ ಬಿಲ್ಲಿಗೆ ಸಹಿ ಹಾಕಿ. ಕಂಪನಿ ಕೊಟ್ಟ ಅಡ್ಮಿನ್ ಪಾಸ್‌ವರ್ಡನ್ನು ಅಂದೇ ಬದಲಿಸಿ. ಬಾಡಿಗೆಯ ಮೆಷಿನ್ ಹಿಂದಿರುಗಿಸುವಾಗ ಒಳಗಿನ ಹಾರ್ಡ್ ಡಿಸ್ಕ್ ಅಳಿಸಿಯೇ ಕೊಡಿ. ಊರವರ ರೇಷನ್ ಕಾರ್ಡು, ಆಧಾರ್, ಭೂದಾಖಲೆಗಳ ಪ್ರತಿಗಳು ಅದರಲ್ಲಿ ಉಳಿದಿರಬಹುದು.

– ಒಬ್ಬ ಓದುಗ, ಬದಿಯಡ್ಕ