ಗೆಳೆಯನಿಗೊಂದು ಪತ್ರ: ಒಂದು ಸಿಮ್ ಕಾರ್ಡಿನ ವಿಷಯ

ಪ್ರೀತಿಯ ಸತೀಶ,

ಮೊನ್ನೆ ಟೀ ಅಂಗಡಿಯಲ್ಲಿ ಮುಸ್ಲಿಮರ ಬಗ್ಗೆ ನೀನು ಆಡಿದ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. "ಎಲ್ಲರೂ ಬಾಂಬ್ ಇಡಲ್ಲ ಕಣೋ, ಆದರೆ ಅವರವರಿಗೆ ಎಲ್ಲಾ ಗೊತ್ತಿರುತ್ತೆ, ಬಾಯಿ ಬಿಡಲ್ಲ" ಅಂದೆ. ರಫೀಕ್ ಪಕ್ಕದಲ್ಲೇ ಇದ್ದ. ಅರ್ಧ ಲೋಟ ಟೀ ಹಾಗೇ ಬಿಟ್ಟು ಎದ್ದು ಹೋದ. ಆಗ ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಡಾಕ್ಟರ್ ಮೊಹಮ್ಮದ್ ಹನೀಫ್ ನೆನಪಿದ್ದಾರಾ? ನಮ್ಮ ಮೂಡಿಗೆರೆಯವರು. ಬೆಂಗಳೂರಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, ಆಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಆಸ್ಪತ್ರೆ ಸೇರಿದ್ದರು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಇಬ್ಬರು ಗ್ಯಾಸ್ ಸಿಲಿಂಡರ್ ತುಂಬಿದ ಜೀಪು ನುಗ್ಗಿಸಿ ಬೆಂಕಿ ಹಚ್ಚಿದರು. ಅದರಲ್ಲಿ ಒಬ್ಬ ಕಫೀಲ್ ಅಹಮದ್, ಬೆಂಗಳೂರಿನವನು. ಅವನು ಮಾಡಿದ್ದು ಘೋರ, ಅದರಲ್ಲಿ ಎರಡು ಮಾತಿಲ್ಲ. ಹನೀಫ್ ಅವನಿಗೆ ದೂರದ ಸಂಬಂಧಿ. ಒಂದು ವರ್ಷದ ಹಿಂದೆ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಹೋಗಿದ್ದರು. ಯಾರಾದರೂ ಕೊಡುತ್ತಾರೆ, ಅಲ್ವಾ?

ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಹುಟ್ಟಿ ಕೆಲವೇ ದಿನವಾಗಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ವಾಪಸ್ ಟಿಕೆಟ್ ಇಲ್ಲ ಅನ್ನುವುದೂ ಅನುಮಾನಕ್ಕೆ ಕಾರಣವಾಯಿತು. ಕೇಸು ಹಾಕದೆಯೇ 12 ದಿನ ಕೂಡಿ ಹಾಕಿದರು. ಸಿಮ್ ಆ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಿದರು. ಅದು ಸಿಕ್ಕಿದ್ದು ಬೇರೆ ಊರಲ್ಲಿ, ಲಿವರ್‌ಪೂಲ್‌ನಲ್ಲಿ. ಜಾಮೀನು ಸಿಕ್ಕ ದಿನವೇ ಸರ್ಕಾರ ವೀಸಾ ರದ್ದು ಮಾಡಿತು. ಜುಲೈ 27ಕ್ಕೆ ಕೇಸು ಕೈಬಿಟ್ಟರು. ಮುಂದೆ ನಡೆದ ವಿಚಾರಣೆ ಅವರು ನಿರಪರಾಧಿ ಅಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರವನ್ನೂ ಕೊಟ್ಟಿತು.

ಸತೀಶ, ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಗ್ಲಾಸ್ಗೋ ಸುದ್ದಿ ತಿಳಿದ ಮೇಲೆ, ಇನ್ನೂ ಅರೆಸ್ಟ್ ಆಗುವ ಮೊದಲೇ, ಹನೀಫ್ ತಾವಾಗಿಯೇ ಬ್ರಿಟನ್ ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದರು. ಆ ಕಡೆಯವರು ಮಾತಿಗೆ ಸಿಗಲಿಲ್ಲ. ಬಾಯಿ ಬಿಡಲು ಹೋದವರನ್ನೇ ಹಿಡಿದು ಕೂರಿಸಿದರು.

ನಮ್ಮ ದೂರದ ನೆಂಟನೊಬ್ಬ ಚೀಟಿ ದುಡ್ಡು ಎತ್ತಿಕೊಂಡು ಓಡಿಹೋದದ್ದು ನಿನಗೆ ಗೊತ್ತು. ಅದಕ್ಕೆ ನೀನು ಏನು ಹೇಳ್ತೀಯ ಅಂತ ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ. ರಫೀಕನಿಗೆ ಆ ನೆಮ್ಮದಿ ಇಲ್ಲ. ಎಲ್ಲೋ ಸ್ಫೋಟ ಆದರೆ ಸಾಕು, ಅವನ ಅಮ್ಮನ ಫೋನ್ ಬರುತ್ತೆ: "ಎರಡು ದಿನ ಹೊರಗೆ ಜಾಸ್ತಿ ಓಡಾಡಬೇಡ ಮಗಾ." ಸತ್ತವರಿಗಾಗಿ ಅವನೂ ಅಳುತ್ತಾನೆ, ಜೊತೆಗೆ ಹೆದರುತ್ತಾನೆ ಕೂಡ.

ಅವನಿಗೆ ನೀನೇ ಒಂದು ಫೋನ್ ಮಾಡು. ಭಾನುವಾರ ಅದೇ ಅಂಗಡಿಗೆ ಕರೆದುಕೊಂಡು ಬಾ. ನಾನೂ ಬರುತ್ತೇನೆ. ಅವತ್ತು ಸುಮ್ಮನಿದ್ದದ್ದಕ್ಕೆ ನಾನೂ ಅವನ ಹತ್ತಿರ ಕ್ಷಮೆ ಕೇಳಬೇಕು.

ನಿನ್ನ,
ಮಹೇಶ